ಚಿಕ್ಕ ಕುರ್ಚಿಯಲ್ಲಿ ಕೂತ ಮಹಾಲಾ ದೊಡ್ಡಮ್ಮ

ನನ್ನ ದೊಡ್ಡಮ್ಮ ಮಹಾಲಾ ಬಕ್‌ಲ್ಯಾಂಡ್ ಯಾರ ಬಾಗಿಲಿಗೆ ಹೋದರೂ ಸುಲಭಕ್ಕೆ ಬಿಟ್ಟು ಬಂದವಳಲ್ಲ. ಕೆಲಸ ಆಗುವ ತನಕ ಅಲ್ಲೇ ನಿಂತಿರುತ್ತಿದ್ದಳು. ಎತ್ತರದ ಹೆಂಗಸು. ಕಪ್ಪು ಜಡೆಯನ್ನು ತಲೆಯ ಸುತ್ತ ಬಿಗಿಯಾಗಿ ಸುತ್ತಿ ಪಿನ್ನು ಚುಚ್ಚಿಕೊಳ್ಳುತ್ತಿದ್ದಳು. ಸ್ವಂತ ಮಕ್ಕಳಿರಲಿಲ್ಲ. ಹಾಗಾಗಿ ನಮ್ಮ ಜಾಗದಲ್ಲಿದ್ದ ಮಕ್ಕಳೆಲ್ಲ ತನ್ನವೇ ಎಂದು ತಿಳಿದುಕೊಂಡು ಬೈಯುತ್ತಿದ್ದಳು, ಉಣಿಸುತ್ತಿದ್ದಳು.

ಆ ಜಾಗ ಇದ್ದದ್ದು ಸೆಜ್‌ಹ್ಯಾಮ್ ಊರಿನ ಹೊರಗೆ, ರೈಲು ಹಳಿಗೂ ಊರಿನ ಕೊಳಚೆ ನೀರಿನ ತೊಟ್ಟಿಗಳಿಗೂ ನಡುವೆ. ಏಳು ವಾಸದ ಗಾಡಿಗಳು, ಎಲ್ಲಕ್ಕೂ ಸೇರಿ ಒಂದು ನಲ್ಲಿ. ಗಾಳಿ ಪೂರ್ವದಿಂದ ಬೀಸಿದರೆ ಯಾರೂ ಬಾಯಿ ತೆರೆಯುತ್ತಿರಲಿಲ್ಲ. ಜಿಪ್ಸಿಗಳಿಗೆ ಜಾಗ ಕೊಟ್ಟಿದ್ದೇವೆ ಎಂದು ಕೌನ್ಸಿಲ್‌ನವರು ಪತ್ರಿಕೆಯಲ್ಲಿ ಹಾಕಿಸಿಕೊಂಡಿದ್ದರು.

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಸೆಪ್ಟೆಂಬರ್. ನನಗೆ ಒಂಬತ್ತು ವರ್ಷ. ದೊಡ್ಡಮ್ಮ ನಮ್ಮ ಐದು ಮಕ್ಕಳನ್ನು ಮೈ ಕೆಂಪಾಗುವ ಹಾಗೆ ತಿಕ್ಕಿ ತೊಳೆದು, ತಲೆ ಬಾಚಿ, ಊರಿನ ಶಾಲೆಗೆ ಕರೆದುಕೊಂಡು ಹೋದಳು. ಹೆಡ್‌ಮಾಸ್ಟರ್ ಮಿಸ್ಟರ್ ಪಿಂಚ್‌ಬೆಕ್ ಗೇಟಿನ ಒಳಗೇ ನಿಂತು ಮಾತಾಡಿದರು.

"ಜಾಗ ಇಲ್ಲ ಮಿಸೆಸ್ ಬಕ್‌ಲ್ಯಾಂಡ್. ತರಗತಿಗಳೆಲ್ಲ ತುಂಬಿಹೋಗಿವೆ."

"ಹೋದ ವಾರ ಹೊಸ ಡಾಕ್ಟರು ಬಂದ್ರಲ್ಲ ಸಾರ್, ಅವರ ಎರಡು ಮಕ್ಕಳನ್ನ ಎಲ್ಲಿ ಕೂರಿಸಿದ್ರಿ? ತೊಡೆ ಮೇಲಾ?"

ಪಿಂಚ್‌ಬೆಕ್ ಕನ್ನಡಕ ಒರೆಸಿಕೊಂಡರು. "ನೋಡಿ, ಆಲೂಗೆಡ್ಡೆ ಕಿತ್ತು ಮುಗಿದ ಕೂಡಲೇ ನೀವು ಹೊರಟುಹೋಗ್ತೀರಿ. ಸುಮ್ನೆ ಎಲ್ಲರಿಗೂ ತೊಂದ್ರೆ."

"ಹೋದ್ರೆ ಹೋಗ್ತೀವಿ. ಇರೋವಷ್ಟು ದಿನ ಕಲಿಸಿ. ಕಲಿತಿದ್ದನ್ನ ನಿಮ್ಮ ಗೇಟಲ್ಲಿ ಬಿಟ್ಟು ಹೋಗಲ್ಲ, ಗಾಡೀಲಿ ಹಾಕ್ಕೊಂಡು ಹೋಗ್ತೀವಿ."

ಅವರು ಗೇಟು ಹಾಕಿಕೊಂಡರು. ನಾವು ಅಲ್ಲೇ ನಿಂತೆವು. ಸಂಜೆ ಮಕ್ಕಳು ಮನೆಗೆ ಹೋಗುವವರೆಗೂ ನಿಂತೆವು. ಮರುದಿನವೂ ಹೋಗಿ ನಿಂತೆವು. ನಾಲ್ಕನೆಯ ದಿನ ಮಳೆ ಹುಯ್ದಿತು. ದೊಡ್ಡಮ್ಮ ಒಂದು ಟಾರ್ಪಾಲನ್ನು ನಮ್ಮ ಐವರ ತಲೆಯ ಮೇಲೆ ಹಿಡಿದು ತಾನು ನೆನೆದಳು. ಊರಿನ ತಾಯಂದಿರು ಮಗುವಿನ ತಳ್ಳುಗಾಡಿ ತಿರುಗಿಸಿ ರಸ್ತೆಯ ಆಚೆ ಬದಿಗೆ ಹೋಗಿ ದಾಟುತ್ತಿದ್ದರು. ಹತ್ತನೆಯ ದಿನ ಗೇಟು ತೆರೆಯಿತು.

ತೆರೆದದ್ದು ಗೇಟು ಮಾತ್ರ. ನಮ್ಮನ್ನು ಶಾಲೆಯ ಹಿಂದೆ, ಸೈಕಲ್ ನಿಲ್ಲಿಸುವ ಜಾಗದ ಆಚೆಗಿದ್ದ ಮರದ ಶೆಡ್ಡಿಗೆ ಕರೆದುಕೊಂಡು ಹೋದರು. ಅಲ್ಲಿ ಮಿಸ್ ಆರ್ಕೆಲ್ ಎಂಬ ಇಪ್ಪತ್ತೆರಡರ ಹುಡುಗಿ ನಮ್ಮ ಟೀಚರ್. ಆಟದ ಗಂಟೆಯೂ ನಮಗೆ ಬೇರೆ, ಉಳಿದವರೆಲ್ಲ ಒಳಗೆ ಹೋದ ಮೇಲೆ. ದಿನವಿಡೀ ಬಣ್ಣ ಹಚ್ಚುವುದೇ ಪಾಠ. ಜಿಪ್ಸಿಗಳಿಗೆ ಕುದುರೆ ಇಷ್ಟ ಎಂದು ಯಾರೋ ಹೇಳಿದ್ದರಂತೆ. ನಾನೊಬ್ಬಳೇ ಆ ಚಳಿಗಾಲ ಐವತ್ತು ಕುದುರೆಗಳಿಗೆ ಬಣ್ಣ ಹಚ್ಚಿರಬೇಕು. ಪ್ರತಿ ಕುದುರೆಗೂ ಒಂದು ಬೆಳ್ಳಿ ನಕ್ಷತ್ರ ಅಂಟಿಸಿ ಕೊಡುತ್ತಿದ್ದರು. ದೊಡ್ಡಮ್ಮ ಆ ನಕ್ಷತ್ರಗಳನ್ನು ನೋಡಿ ಹಿಗ್ಗುತ್ತಿದ್ದಳು. ಅವಳಿಗೂ ಓದು ಬರುತ್ತಿರಲಿಲ್ಲ, ಏನು ಗೊತ್ತಾಗಬೇಕು?

ಶಾಲೆಯಲ್ಲಿ ಕೊಡುತ್ತಿದ್ದ ಹಾಲಿನ ವಿಷಯದಲ್ಲೂ ರಂಪವಾಯಿತು. ನಮ್ಮಲ್ಲಿ ಕೈ ಮುಖ ತೊಳೆಯುವ ಬೋಗುಣಿಯೇ ಬೇರೆ, ಊಟದ ಪಾತ್ರೆಯದೇ ಬೇರೆ, ಬಟ್ಟೆಯದೇ ಬೇರೆ. ಒಂದಕ್ಕೊಂದು ಬೆರೆತರೆ ಅದು ಮೈಲಿಗೆ, ಆ ಬೋಗುಣಿಯನ್ನು ಎಸೆದೇ ಬಿಡುತ್ತೇವೆ. ಶೆಡ್ಡಿನಲ್ಲಿ ಒಂದೇ ಬೋಗುಣಿ. ಬಣ್ಣದ ಕುಂಚ, ನಮ್ಮ ಕೈ, ಹಾಲು ಕುಡಿಯುವ ಲೋಟ, ಎಲ್ಲ ಅದೇ ನೀರಿನಲ್ಲಿ. ನಾವು ಐವರೂ ಲೋಟ ಮುಟ್ಟಲಿಲ್ಲ. "ಹಾಲು ಕುಡಿಯದೆ ಹಟ ಮಾಡುತ್ತಾರೆ" ಎಂದು ಮಿಸ್ ಆರ್ಕೆಲ್ ಪುಸ್ತಕದಲ್ಲಿ ಬರೆದುಕೊಂಡರು.

ಮಾರ್ಚ್‌ನಲ್ಲಿ ಕೌನ್ಸಿಲ್‌ನಿಂದ ಒಂದು ಕಾಗದ ಬಂತು. ಗಂಡಸರೆಲ್ಲ ಗುಜರಿ ತರಲು ಹೋಗಿದ್ದರು. ದೊಡ್ಡಮ್ಮ ನನ್ನನ್ನು ಕರೆದು, ಅಕ್ಕಪಕ್ಕದ ಗಾಡಿಯ ಹೆಂಗಸರನ್ನೂ ಕರೆದು, ಮೆಟ್ಟಿಲ ಮೇಲೆ ಕೂರಿಸಿದಳು.

"ನಮ್ಮ ಜೆಂಟಿ ಆರು ತಿಂಗಳು ಶಾಲೆಗೆ ಹೋಗಿದಾಳೆ. ಕೇಳ್ರೇ ಎಲ್ಲ. ಓದು ಮಗಾ."

ನಾನು ಕಾಗದ ಹಿಡಿದೆ. ಅಕ್ಷರಗಳು ಇರುವೆ ಸಾಲಿನ ಹಾಗಿದ್ದವು. ಅಷ್ಟು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. "ಎಲ್ಲ ಚೆನ್ನಾಗಿದೆ, ಜಾಗ ಚೊಕ್ಕಟವಾಗಿ ಇಟ್ಕೊಂಡಿದೀರಿ ಅಂತ ಬರ್ದಿದಾರೆ" ಎಂದೆ. ಹೆಂಗಸರು ಚಪ್ಪಾಳೆ ತಟ್ಟಿದರು.

ಸೋಮವಾರ ನಲ್ಲಿಯಲ್ಲಿ ನೀರು ನಿಂತಿತು. ಪೈಪು ಬದಲಾಯಿಸಲು ಮೂರು ದಿನ ನೀರು ನಿಲ್ಲಿಸುತ್ತೇವೆ, ತುಂಬಿಟ್ಟುಕೊಳ್ಳಿ ಎಂದು ಆ ಕಾಗದದಲ್ಲಿ ಇತ್ತಂತೆ. ಅದನ್ನು ಹೇಳಿದವನು ಪೈಪಿನ ಕೆಲಸಗಾರ. "ಕಾಗದ ಕಳಿಸಿದ್ವಲ್ಲಮ್ಮ, ಓದ್ಲಿಲ್ವಾ?" ಎಂದು ಅವನು ಕೇಳಿದಾಗ ದೊಡ್ಡಮ್ಮ ನನ್ನ ಕಡೆ ತಿರುಗಿದಳು. ಏಟು ಬೀಳುತ್ತದೆ ಎಂದುಕೊಂಡೆ.

"ಓದ್ದೆ ಅಂದ್ಯಲ್ಲೇ?"

"ನಮಗೆ ಓದೋದು ಹೇಳ್ಕೊಡೋದೇ ಇಲ್ಲ ದೊಡ್ಡಮ್ಮ. ಬರೀ ಕುದುರೆ."

ಅವಳು ಗಾಡಿಯೊಳಗೆ ಹೋದಳು. ಆಮೇಲೆ ಗೋಡೆಗೆ ಅಂಟಿಸಿದ್ದ ನನ್ನ ಕುದುರೆಗಳನ್ನೆಲ್ಲ ಒಂದೊಂದಾಗಿ ಕಿತ್ತು, ಮಡಚಿ, ಒಲೆಗೆ ಹಾಕಿದಳು.

ಮರುದಿನ ಅವಳೂ ನಮ್ಮ ಜೊತೆ ಹೊರಟಳು. ದೊಡ್ಡಪ್ಪ ಮ್ಯಾನ್‌ಫ್ರಿ ಲಾರಿಯ ಕೆಳಗಿನಿಂದ ತಲೆ ಹೊರಹಾಕಿ ನಕ್ಕ. "ನಲವತ್ತರ ಮೇಲೆ ಶಾಲೆಗೆ ಹೊರಟ್ಯಾ? ಟಿಫಿನ್ ಡಬ್ಬಿ ಹಿಡ್ಕೊಂಡಿದೀಯೇನೇ?"

"ನೀನು ಬಾಯಿ ಮುಚ್ಕೊಂಡು ನಟ್ಟು ಬಿಗಿ ಮಾರಾಯ."

ಶೆಡ್ಡಿಗೆ ಬಂದವಳೇ ನಮ್ಮ ಪಕ್ಕದ ಪುಟ್ಟ ಕುರ್ಚಿಯಲ್ಲಿ ಕೂತಳು. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು.

"ಮಿಸೆಸ್ ಬಕ್‌ಲ್ಯಾಂಡ್, ಏನಾದ್ರೂ ಬೇಕಿತ್ತಾ?" ಮಿಸ್ ಆರ್ಕೆಲ್ ಎದ್ದು ನಿಂತರು.

"ಓದು ಬೇಕಿತ್ತಮ್ಮ. ನಂಗೂ ಬರಲ್ಲ, ಇವಕ್ಕೂ ಬರಲ್ಲ. ಒಟ್ಟಿಗೇ ಕಲಿಸಿಬಿಡಿ."

ಮಿಸ್ ಆರ್ಕೆಲ್ ಮೇಜಿನ ಖಾನೆ ಎಳೆದರು. ಅವಳಿಗೂ ಒಂದು ಕುದುರೆಯ ಹಾಳೆ ಕೊಟ್ಟರು. ದೊಡ್ಡಮ್ಮ ಅದನ್ನು ಬೋರಲು ಹಾಕಿ ಕೈ ಕಟ್ಟಿ ಕೂತಳು. ಹೀಗೆ ಮೂರು ದಿನ. ನಾಲ್ಕನೆಯ ದಿನ ಪಿಂಚ್‌ಬೆಕ್ ಬಾಗಿಲಲ್ಲಿ ನಿಂತು ಕೂಗಾಡಿದರು.

"ಇದು ಶಾಲೆ! ನೀವಾಗಿ ಹೋಗದಿದ್ರೆ ಪೊಲೀಸ್ ಕರೀತೀನಿ."

"ಕರೀರಿ. ಅವರಿಗೂ ಒಂದು ಕುದುರೆ ಕೊಡೋಣ."

ನಿಜಕ್ಕೂ ಕರೆದರು. ಬಂದ ಪೊಲೀಸಿನವನು ವಯಸ್ಸಾದವನು. ಟೋಪಿ ತೆಗೆದು, ಶೆಡ್ಡಿನೊಳಗೆಲ್ಲ ಕಣ್ಣಾಡಿಸಿದ.

"ಇಲ್ಲಿ ಏನ್ ಮಾಡ್ತಿದೀಯಮ್ಮ?"

"ಓದೋದು ಕಲೀತಿದೀನಿ."

"ಯಾರು ಕಲಿಸ್ತಿದಾರೆ?"

ಪಿಂಚ್‌ಬೆಕ್ ಮಿಸ್ ಆರ್ಕೆಲ್‌ರನ್ನು ನೋಡಿದರು, ಅವರು ನೆಲ ನೋಡಿದರು. ಅವರ ಕುತ್ತಿಗೆಯವರೆಗೂ ಕೆಂಪೇರಿತ್ತು. ಕೊನೆಗೆ ಅವರೇ ಸಣ್ಣ ದನಿಯಲ್ಲಿ, "ಯಾರೂ ಕಲಿಸ್ತಿಲ್ಲ. ಕಲಿಸಬೇಡಿ ಅಂತ ನಂಗೆ ಹೇಳಿದಾರೆ, ಸುಮ್ನೆ ಕೂರಿಸ್ಕೊಂಡಿರಿ ಅಂದ್ರು" ಎಂದರು. ಹಾಗೆಂದವರು ನಮ್ಮನ್ನೆಲ್ಲ ದಾಟಿಕೊಂಡು ದೊಡ್ಡ ಕಟ್ಟಡಕ್ಕೆ ಹೋಗಿ, ಎರಡು ಕೈ ತುಂಬ ಓದುವ ಪುಸ್ತಕ ಹೊತ್ತು ತಂದು ಮೇಜಿನ ಮೇಲೆ ಸುರಿದರು. ಪೊಲೀಸಿನವನು ಟೋಪಿ ಹಾಕಿಕೊಂಡ. "ಪಾಠ ನಡೀತಿದೆ ಸಾರ್, ನಾವ್ಯಾಕೆ ಅಡ್ಡ" ಎಂದು ಹೊರಟುಹೋದ.

ಮಿಸ್ ಆರ್ಕೆಲ್ ಅಷ್ಟಕ್ಕೇ ಬಿಡಲಿಲ್ಲ, ಜಿಲ್ಲೆಯ ಶಿಕ್ಷಣ ಕಚೇರಿಗೆ ಕಾಗದ ಬರೆದರು. ಅಲ್ಲಿಂದ ಒಬ್ಬ ಅಧಿಕಾರಿ ಹೆಂಗಸು ಬಂದು, ಶೆಡ್ಡನ್ನು ನೋಡಿ, ಎರಡು ವಾರದೊಳಗೆ ಈ ಮಕ್ಕಳು ಉಳಿದವರ ಜೊತೆ ಕೂರಬೇಕು ಎಂದು ಆಜ್ಞೆ ಮಾಡಿದರು. ನಾವು ದೊಡ್ಡ ಕಟ್ಟಡದೊಳಗೆ ಕಾಲಿಟ್ಟ ದಿನವೇ ಊರಿನವರು ಹತ್ತೊಂಬತ್ತು ಮಕ್ಕಳನ್ನು ಶಾಲೆ ಬಿಡಿಸಿದರು.

ಶನಿವಾರ ಮಧ್ಯಾಹ್ನ ಊರಿನ ಸಭಾಮಂದಿರದಲ್ಲಿ ಸಭೆ ಸೇರಿತು. ನಮ್ಮನ್ನು ಯಾರೂ ಕರೆದಿರಲಿಲ್ಲ. ದೊಡ್ಡಮ್ಮ ಮೂರು ಸ್ಟೀಲ್ ಬೋಗುಣಿಗಳನ್ನು ಒಂದರೊಳಗೊಂದು ಇಡದೆ, ಬೇರೆ ಬೇರೆಯಾಗಿ ಮೂರು ಹೆಂಗಸರ ಕೈಯಲ್ಲಿ ಹೊರಿಸಿಕೊಂಡು ಹೋದಳು. ನಾನೂ ಹಿಂದೆ ಓಡಿದೆ.

ವಿಕರಿ ಎಂಬ ದೊಡ್ಡ ಜಮೀನುದಾರ ಮಾತಾಡುತ್ತಿದ್ದ. "ನಂಗೆ ಅವರ ಮೇಲೆ ದ್ವೇಷ ಇಲ್ಲ. ಆದ್ರೆ ಕೊಳಕು ಅಂದ್ರೆ ಕೊಳಕೇ. ನಮ್ಮ ಮಕ್ಕಳಿಗೆ ಹೇನು, ಕಜ್ಜಿ ಹತ್ತಿದ್ರೆ ಯಾರು ಜವಾಬ್ದಾರಿ?"

ದೊಡ್ಡಮ್ಮ ನೇರ ಮುಂದೆ ಹೋಗಿ ಮೂರು ಬೋಗುಣಿಗಳನ್ನೂ ಮೇಜಿನ ಮೇಲೆ ಇಡಿಸಿದಳು.

"ಇದು ಮುಖಕ್ಕೆ. ಇದು ಪಾತ್ರೆಗೆ. ಇದು ಬಟ್ಟೆಗೆ. ಒಂದನ್ನ ಇನ್ನೊಂದಕ್ಕೆ ಬಳಸಿದ್ರೆ ನಮ್ಮಮ್ಮ ನನ್ನ ಕೈ ಮುರೀತಿದ್ಲು. ನಿಮ್ಮ ಮನೇಲಿ ಎಷ್ಟಿದೆ ಹೇಳಿ ವಿಕರಿಯವ್ರೇ?"

ಹಿಂದಿನ ಸಾಲಿನಲ್ಲಿ ಶಾಲೆಯ ಅಡುಗೆಯ ಹಿಲ್ಡಾ ಸ್ಪ್ರಿಗ್ಸ್ ಕೂತಿದ್ದಳು. ಆಕೆ ಕಿಸಕ್ಕನೆ ನಕ್ಕಳು. "ನಮ್ಮನೇಲಿ ಒಂದೇ ಕಣ್ರೀ. ನಾಯಿಗೆ ಸ್ನಾನಾನೂ ಅದ್ರಲ್ಲೇ, ಸೊಪ್ಪು ತೊಳಿಯೋದೂ ಅದ್ರಲ್ಲೇ." ಅರ್ಧ ಸಭೆ ನಕ್ಕಿತು. ಇನ್ನರ್ಧ ನಗಲಿಲ್ಲ.

"ಹೋದ ಅಕ್ಟೋಬರ್‌ನಲ್ಲಿ ನಿಮ್ಮ ಆಲೂಗೆಡ್ಡೆ ಕಿತ್ತಿದ್ದು ಇದೇ ಕೈ" ಎಂದು ದೊಡ್ಡಮ್ಮ ಅಂಗೈ ಎರಡನ್ನೂ ಎತ್ತಿ ತೋರಿಸಿದಳು. "ಆಗ ಕೊಳಕು ಕಾಣ್ಲಿಲ್ಲ. ಪೆನ್ಸಿಲ್ ಹಿಡಿದ ಮೇಲೆ ಕಾಣ್ತಾ ಇದೆ."

ಯಾರೋ ಒಬ್ಬರು ಮೆತ್ತಗೆ, "ನಮ್ಮ ಜೊತೆ ಹೊಂದ್ಕೊಂಡು ಹೋದ್ರೆ ಪ್ರೀತಿ ತಾನಾಗೇ ಬರುತ್ತೆ" ಎಂದರು.

"ನಾನು ಪ್ರೀತಿ ಕೇಳೋಕೆ ಬಂದಿಲ್ಲ ಸ್ವಾಮೀ. ಪ್ರೀತಿ ನಮ್ಮ ಗಾಡೀಲಿ ಬೇಕಾದಷ್ಟಿದೆ. ಐದು ಕುರ್ಚಿ ಕೇಳೋಕೆ ಬಂದೆ. ಆ ಕುರ್ಚಿ ನಿಮ್ಮಪ್ಪಂದಲ್ಲ. ನಿಮ್ಮ ಮಕ್ಕಳು ಬಂದ್ರೆ ಪಕ್ಕದಲ್ಲಿ ಕೂರ್ಲಿ, ಬರದಿದ್ರೆ ನಮ್ಮವು ಕಾಲು ಚಾಚ್ಕೊಂಡು ಕೂರ್ತಾವೆ."

ಬೋಗುಣಿಗಳನ್ನು ಎತ್ತಿಕೊಂಡು ಹೊರಟೆವು. ದಾರಿಯಲ್ಲಿ ಅವಳು ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡಳು, ನೋಯುವಷ್ಟು.

ಸೋಮವಾರ ಹನ್ನೊಂದು ಮಕ್ಕಳು ವಾಪಸು ಬಂದವು. ಈಸ್ಟರ್ ರಜೆ ಮುಗಿಯುವಷ್ಟರಲ್ಲಿ ಇನ್ನು ನಾಲ್ಕು. ಉಳಿದ ನಾಲ್ಕು, ವಿಕರಿಯ ಇಬ್ಬರೂ ಸೇರಿ, ಬೇರೆ ಊರಿನ ಶಾಲೆಗೆ ಹೋದವು. ಹಿಲ್ಡಾ ಸ್ಪ್ರಿಗ್ಸ್ ನಮಗಾಗಿ ಬೇರೆ ಲೋಟ ಇಟ್ಟಳು, ಬೇರೆ ನೀರಿನಲ್ಲಿ ತೊಳೆದು. ಆಟದಲ್ಲಿ ನಮ್ಮನ್ನು ಸೇರಿಸಿಕೊಂಡರು ಅಂತೇನೂ ಹೇಳಲಾರೆ. ಎರಡು ಸಲ ಮೂಗು ಒಡೆಸಿಕೊಂಡೆ, ಮೂರು ಸಲ ಒಡೆದೆ. ಆದರೆ ಮೇ ತಿಂಗಳಿಗೆ ನಾನು ಓದುತ್ತಿದ್ದೆ. ನಿಧಾನವಾಗಿ, ಬೆರಳಿಟ್ಟುಕೊಂಡು, ಆದರೆ ಸುಳ್ಳು ಹೇಳದೆ.

ಮೇ ತಿಂಗಳೆಂದರೆ ನಾವು ಹೊರಡುವ ಕಾಲ. ಮೊದಲು ಕುದುರೆ ಸಂತೆ, ಆಮೇಲೆ ಚೆರ್ರಿ ಕೊಯ್ಲು, ಆಮೇಲೆ ಬಿಯರಿಗೆ ಹಾಕುವ ಹಾಪ್ಸ್ ಹೂವಿನ ತೋಟ. "ನಾನು ಹೇಳಿರ್ಲಿಲ್ವಾ" ಎಂದು ಪಿಂಚ್‌ಬೆಕ್ ಹಾಜರಿ ಪುಸ್ತಕದಿಂದ ನಮ್ಮ ಹೆಸರು ಹೊಡೆಯಲು ಪೆನ್ನು ತೆಗೆದರು. ದೊಡ್ಡಮ್ಮ ಪುಸ್ತಕದ ಮೇಲೆ ಅಂಗೈ ಊರಿದಳು.

"ಹೊಡೀಬೇಡಿ. ಆರು ತಿಂಗಳ ಪಾಠ ಚೀಲಕ್ಕೆ ಹಾಕಿ ಕೊಡಿ. ಬರೆದು ತಂದು ನಿಮ್ಮ ಮೇಜಿನ ಮೇಲೆ ಇಡ್ತೀನಿ."

ಅವರು ಕೊಡಲಿಲ್ಲ, ಮಿಸ್ ಆರ್ಕೆಲ್ ಕೊಟ್ಟರು. ಆ ಬೇಸಿಗೆ ನಾವು ಚೆರ್ರಿ ಮರದ ಕೆಳಗೆ ಕೂತು ಲೆಕ್ಕ ಮಾಡಿದೆವು, ದೊಡ್ಡಮ್ಮ ಕಡ್ಡಿ ಹಿಡಿದು ಕಾವಲಿಗೆ ನಿಂತಳು. ನಾನು ಓದಿದ್ದನ್ನೇ ಅವಳಿಗೂ ಹೇಳಿಕೊಟ್ಟೆ. ಅವಳು ಒಳ್ಳೆಯ ವಿದ್ಯಾರ್ಥಿಯೇನಲ್ಲ. ಅಕ್ಷರ ತಪ್ಪಾದರೆ ಅಕ್ಷರಕ್ಕೇ ಬೈಯುತ್ತಿದ್ದಳು. ಕಥೆ ಪುಸ್ತಕ ಮುಟ್ಟುತ್ತಿರಲಿಲ್ಲ. ನೋಟೀಸು, ಬೋರ್ಡು, ಕೌನ್ಸಿಲ್‌ನ ಕಾಗದ ಇವಷ್ಟನ್ನೇ ಓದುತ್ತಿದ್ದಳು. ಅಕ್ಟೋಬರ್‌ನಲ್ಲಿ ತುಂಬಿದ ಚೀಲವನ್ನು ಪಿಂಚ್‌ಬೆಕ್ ಮೇಜಿನ ಮೇಲೆ ಸುರಿದಳು. ಅವರು ಹೆಸರುಗಳನ್ನು ಹೊಡೆದುಹಾಕಿದ್ದರು. ಮತ್ತೆ ಬರೆಯುವ ತನಕ ಅವಳು ಅವರ ಕೋಣೆಯಿಂದ ಕದಲಲಿಲ್ಲ.

ಕೆಲವು ವರ್ಷ ಕಳೆದ ಮೇಲೆ ಜಿಲ್ಲೆಯ ಕಚೇರಿಯವರೇ ಅವಳನ್ನು ಹುಡುಕಿಕೊಂಡು ಬಂದರು. ಬೇರೆ ಬೇರೆ ಜಾಗಗಳಿಗೆ ಹೋಗಿ, ಮಕ್ಕಳನ್ನು ಶಾಲೆಗೆ ಕಳಿಸಿ ಎಂದು ನಮ್ಮವರಿಗೆ ಹೇಳುವ ಕೆಲಸ. ನಮ್ಮವರಲ್ಲೇ ಕೆಲವರು ಮುಖ ತಿರುಗಿಸಿದರು. "ಗೋರ್ಜರ ಕಡೆ ಸೇರ್ಕೊಂಡ್ಯಾ ಮಹಾಲಾ?" ಎಂದು ಒಬ್ಬ ಮುದುಕ ಉಗಿದ. ಗೋರ್ಜರು ಎಂದರೆ ನಮ್ಮವರಲ್ಲದವರು. "ಅವರ ಕಡೆ ಸೇರಿಲ್ಲ ಮಾವ, ಅವರು ಬರೆದಿದ್ದನ್ನ ನಾವೇ ಓದ್ಕೊಳ್ಳೋಣ ಅಂತಿದೀನಿ" ಎಂದಳು. ಶಾಲೆಯವರಿಗೆ ಹೇಳುತ್ತಿದ್ದದ್ದು ಬೇರೆ: "ಮಕ್ಕಳು ಬರ್ತಾವೆ. ನಮ್ಮ ಗಾಡಿಯ ಚಕ್ರ ಬಿಚ್ಚಿ ಅಂತ ಮಾತ್ರ ಕೇಳಬೇಡಿ." ಹದಿನೆಂಟು ವರ್ಷ ಆ ಕೆಲಸ ಮಾಡಿದಳು. ಎಷ್ಟು ಮಕ್ಕಳು ಓದಿದರೋ ಲೆಕ್ಕವಿಲ್ಲ. ನಡುವೆ ಬಿಟ್ಟವರೂ ಬೇಕಾದಷ್ಟು. ನನ್ನ ತಮ್ಮನೇ ಹನ್ನೆರಡಕ್ಕೆ ಬಿಟ್ಟು ಗುಜರಿಗೆ ಹೋದ; ಅವಳು ಅವನ ಜೊತೆ ಒಂದು ವರ್ಷ ಮಾತಾಡಲಿಲ್ಲ.

ಅವಳು ಕೆಲಸ ಬಿಡುವಾಗ ಕಚೇರಿಯವರು ಸಮಾರಂಭ ಮಾಡಿದರು. ಕೇಕು, ಹೂವು, ಚೌಕಟ್ಟು ಹಾಕಿದ ಪ್ರಶಸ್ತಿ ಪತ್ರ. ಅಧ್ಯಕ್ಷರು ಕೈ ಕುಲುಕಿ ಫೋಟೋಕ್ಕೆ ನಿಂತರು. ದೊಡ್ಡಮ್ಮ ಫೋಟೋದ ಕಡೆ ನೋಡದೆ ಪತ್ರ ಓದತೊಡಗಿದಳು, ಎಂದಿನಂತೆ ತುಟಿ ಆಡಿಸುತ್ತ. ಸಭೆ ಕಾಯಿತು. "ಅಲೆಮಾರಿತನ ತೊರೆದು ವಿದ್ಯೆಯ ಬೆಳಕಿಗೆ ಬಂದ ಸಮುದಾಯದ ಪರವಾಗಿ" ಎಂಬ ಸಾಲನ್ನು ಗಟ್ಟಿಯಾಗಿ ಓದಿ ನಿಲ್ಲಿಸಿದಳು.

"ಇದನ್ನ ಯಾರು ಬರ್ದಿದ್ದು?"

ಅಧ್ಯಕ್ಷರು ಪಕ್ಕದವರ ಕಡೆ ತಿರುಗಿದರು.

"ನಾವು ಏನನ್ನೂ ತೊರೆದಿಲ್ಲ. ಹೊಡೆದುಹಾಕಿ."

"ಮಿಸೆಸ್ ಬಕ್‌ಲ್ಯಾಂಡ್, ಗಾಜು ಹಾಕಿ ಚೌಕಟ್ಟು ಕಟ್ಟಿಸಿಬಿಟ್ಟಿದೀವಲ್ಲ..."

"ಬಿಚ್ಚಿ. ನಂಗೇನೂ ಅವಸರ ಇಲ್ಲ."

ಬಿಚ್ಚಿದರು. ಅಧ್ಯಕ್ಷರೇ ಮೊಳೆ ಕಿತ್ತು, ಗಾಜು ಸರಿಸಿ, ಪೆನ್ನಿನಿಂದ ಆ ಸಾಲಿನ ಮೇಲೆ ಗೆರೆ ಎಳೆದರು. ಅವಳು ಗೆರೆ ನೇರವಾಗಿದೆಯೇ ಎಂದು ಬಗ್ಗಿ ನೋಡಿ, ಆಮೇಲೆ ಕೇಕು ತಿಂದಳು.