ನಾನು ತೂಕಡಿಸಿದಲ್ಲೆಲ್ಲ ಕೆಂಪು ಗೆರೆ

"ಅಜ್ಜೀ, ಇಲ್ಲೂ ನಿದ್ದೆ ಹೋಗ್ಬುಟ್ಯಾ?" ಎಂದು ನಗುತ್ತಾ ಮೊಮ್ಮಗಳು ಸುಮಾ ತನ್ನ ಬರಹಕ್ಕೆ ಕೆಂಪು ಗೆರೆ ಎಳೆದಳು. ಕೆಲಮಂಗಲದ ಸಂತೆಯಲ್ಲಿ ಕನ್ನಡ, ತಮಿಳು, ತೆಲುಗು ಹೇಗೆ ಬೆರೆಯುತ್ತವೆ ಎಂಬುದು ಅವಳ ಪಿಎಚ್‌ಡಿ ವಿಷಯ. ಓದಿದರೆ ಅರ್ಥವಾಗುವುದಿಲ್ಲವೆಂದು ಗೈಡು ಎರಡು ಸಲ ವಾಪಸ್ ಕಳಿಸಿದ್ದರು. ಓದನ್ನೇ ಬಿಟ್ಟುಬಿಡುತ್ತೇನೆಂದು ಅತ್ತಿದ್ದಳು. ಅವತ್ತು ಅವರೆಕಾಯಿ ಸುಲಿಯುತ್ತಿದ್ದ ನನ್ನೆದುರು ಕೂತು ಗಟ್ಟಿಯಾಗಿ ಓದುತ್ತಾ, ನಾನು ತೂಕಡಿಸಿದ ಕಡೆಯೆಲ್ಲ ಉದ್ದ ವಾಕ್ಯ ಮುರಿದು ತಿದ್ದುತ್ತಿದ್ದಳು.

"ವಯಸ್ಸಾದೋಳಿಗೆ ನಿದ್ದೆ ಬತ್ತದೆ ಕಣಮ್ಮಿ, ಅದ್ಕೆ ಬರ್ದಿದ್ದನ್ನೆಲ್ಲ ಹೊಡ್ದಾಕ್ತೀಯಾ?" ಎಂದೆ.

"ಸಂತೆ ಜಗಳದ ಬಗ್ಗೆ ಬರ್ದಿದ್ದು ಓದ್ದಾಗ ನೀನು ಕಣ್ಣೇ ಮುಚ್ಚಲಿಲ್ವಲ್ಲ!" ಎಂದಳು.

ಹಾಗೆ ತಿದ್ದಿದ ಬರಹವನ್ನು ಮೊನ್ನೆ ಗೈಡು ಒಪ್ಪಿಕೊಂಡರು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಮೊಮ್ಮಗಳು ಏನು ಓದುತ್ತಾಳೆಂದು ಯಾರಾದರೂ ಕೇಳಿದರೆ ಈಗ ಅವರನ್ನು ಕೂರಿಸಿಕೊಂಡು ನಾನೇ ಬಿಡಿಸಿ ಹೇಳುತ್ತೇನೆ, ಅವರು ಸಾಕು ಎನ್ನುವವರೆಗೂ!