ಧೋತರದ ಮೇಲಿನ ಚುಕ್ಕೆ

ಇವತ್ತು ಜೋಳ ಹಸನು ಮಾಡಿದೆ, ಮೆಣಸಿನಕಾಯಿ ಬಿಸಿಲಿಗೆ ಹರವಿದೆ, ಹಾಲಿಗೆ ಹೆಪ್ಪು ಹಾಕಿದೆ, ಕ್ಯಾಮೆರಾದ ಹೊಟ್ಟೆಯೊಳಗಿನ ಧೂಳು ತೆಗೆದೆ. ಕೊನೆಯದನ್ನು ಮೊದಲೇ ಮಾಡಿದ್ದರೆ ನಮ್ಮತ್ತಿಯವರಿಗೆ ಎರಡು ದಿನದ ದುಡಿತ ಉಳಿಯುತ್ತಿತ್ತು.

ನರಗುಂದದ ನಾದಿನಿಗೆ ಮೊಮ್ಮಗು ಹುಟ್ಟಿದೆ. ಅತ್ತಿ ಅದಕ್ಕೊಂದು ಪುಟ್ಟ ಕೌದಿ ಹೊಲಿದರು. ಸುತ್ತ ತಮ್ಮ ಸೀರೆ, ನಾದಿನಿಯ ಲಂಗ, ನಡುವೆ ತೀರಿಕೊಂಡ ಮಾವನವರ ಬಿಳಿ ಧೋತರ. ನನ್ನದೊಂದು ಚಿಂದಿಯೂ ಇರಲಿಲ್ಲ. ನಾನೇನೂ ಕೇಳಲಿಲ್ಲ, ಹುಡುಕಿ ನೋಡಿದ್ದೆ, ಅಷ್ಟೇ.

ನರಗುಂದದ ಬಸ್ಸು ಹತ್ತಿಸುವ ಮುಂಚೆ ನೆನಪಿಗೊಂದು ಫೋಟೋ ಇರಲಿ ಎಂದು ಮೊನ್ನೆ ಕೌದಿಯನ್ನು ಅಂಗಳದ ಹಗ್ಗಕ್ಕೆ ಹಾಕಿ ತೆಗೆದೆ. ಸರಿಯಾಗಿ ಧೋತರದ ಮೇಲೆ ಒಂದು ಕಪ್ಪು ಚುಕ್ಕೆ! "ಅತ್ತಿ, ಕಲಿ ಬಿದ್ದೈತ್ರಿ" ಅಂದುಬಿಟ್ಟೆ. ಕೌದಿ ಮಾರು ದೂರದಲ್ಲೇ ಇತ್ತು, ಹೋಗಿ ನೋಡಲಿಲ್ಲ.

ಅತ್ತಿ ಕನ್ನಡಕ ಏರಿಸಿ ಹುಡುಕಿದರು. "ನನಗೇನೂ ಕಾಣವಲ್ದು. ಆದರ ನನ್ನ ಕಣ್ಣು ಹಳೇವು, ನಿನ್ನ ಕ್ಯಾಮೆರಾ ಖರೇ ಹೇಳತೈತಿ. ಅವರ ಧೋತರಾನ ಕಲಿ ಸಮೇತ ಕೂಸಿಗೆ ಹೊಚ್ಚಲೇನು?"

ತೊಳೆದರು, ಒಣಗಿಸಿದರು. ಮತ್ತೆ ಫೋಟೋ ತೆಗೆದೆ. ಅದೇ ಹಗ್ಗ, ಅದೇ ಸ್ಟ್ಯಾಂಡು, ಚುಕ್ಕೆಯೂ ಅದೇ. ಕಡೆಗೆ ಕೈಗೆ ಸಿಕ್ಕ ನನ್ನ ಹಳೆಯ ಹಳದಿ ಕುಬಸ ಕತ್ತರಿಸಿ ಆ ಜಾಗಕ್ಕೆ ತೇಪೆ ಹಾಕಿದರು. ಇವತ್ತು ಮತ್ತೆ ತೆಗೆದೆ. ಚುಕ್ಕೆ ಹಳದಿಯ ಮೇಲೆ ಹಾಯಾಗಿ ಕೂತಿತ್ತು.

ಅತ್ತಿ ಫೋಟೋ ನೋಡಿದರು, ಕೌದಿ ನೋಡಿದರು, ನನ್ನನ್ನು ನೋಡಿದರು. "ಹೊಲಸು ಅರಿವ್ಯಾಗಿಲ್ಲವ್ವಾ, ನಿನ್ನ ಡಬ್ಬ್ಯಾಗೈತಿ."

ಖರೇ. ಯಾವಗಲ್ ಊರಿನ ದಾರಿಯಲ್ಲಿ ಟ್ರ್ಯಾಕ್ಟರಿನ ಹಿಂದೆ ನಿಂತು ಲೆನ್ಸ್ ಬದಲಿಸಿದ ಜಾಣೆ ನಾನೇ. ಒಳಗೆ ಚಿತ್ರ ಮೂಡುವ ಸೆನ್ಸರಿನ ಮೇಲೆ ಎರಿಮಣ್ಣಿನ ಕಣವೊಂದು ಕೂತರೆ ಸಾಕು, ಪ್ರತಿ ಫೋಟೋದಲ್ಲೂ ಅದೇ ಜಾಗಕ್ಕೆ ಹಾಜರಿ ಹಾಕುತ್ತದೆ. ಗಜೇಂದ್ರಗಡದ ಗುಡ್ಡದ ಮೇಲೆ ಹಾರುವ ಹದ್ದು ಎಂದು ಓಣಿಗೆಲ್ಲ ತೋರಿಸಿದ್ದೆನಲ್ಲ, ಅದೂ ಇದೇ.

ಅದನ್ನು ಬಾಯಿಂದ ಊದಬಾರದು, ಉಗುಳು ಸಿಡಿಯುತ್ತದೆ. ಒಲೆ ಊದಿ, ಬಸಿಗೆ ಸುರಿದ ಚಹಾ ಊದಿ, ಮಕ್ಕಳ ಕಣ್ಣಿನ ಕಸ ಊದಿ ಪಳಗಿದ ಬಾಯಿ, ಮುಚ್ಚಿಕೊಂಡಿರುವುದೇ ಕಷ್ಟ. ಫ್ಯಾನು ಆರಿಸಿ, ಲೆನ್ಸ್ ಬಿಚ್ಚಿ, ಗಾಳಿ ಬಿಡುವ ರಬ್ಬರಿನ ಬುರುಡೆ ಒತ್ತತೊಡಗಿದೆ.

"ಮಾರಿ ಕೆಳಗ ಮಾಡಿ ಹಿಡಿಯವಾ. ಅಂಗಾತ ಮಲಗಿಸಿ ಊದಿದರ ಕಸ ಎಲ್ಲಿಗೆ ಹೋಗಬೇಕು? ಒಮ್ಮೆರ ಜ್ವಾಳ ತೂರಿಯೋ ಇಲ್ಲೋ?"

ಆಮೇಲೆ ತೆರೆದು ನೋಡಿದರೆ ಕ್ಯಾಮೆರಾದ ಪುಸ್ತಕದಲ್ಲೂ ಹಾಗೇ ಬರೆದಿತ್ತು. ನಾನು ಅದನ್ನು ಜೋಪಾನವಾಗಿ ಇಟ್ಟಿದ್ದೆನೇ ಹೊರತು ಓದಿರಲಿಲ್ಲ. ಬೋರಲು ಹಿಡಿದು ನಾಲ್ಕು ಸಲ ಒತ್ತಿದೆ. ಫೋಟೋ ತೆಗೆದೆ. ಚುಕ್ಕೆ ಮಾಯ, ಹದ್ದೂ ಮಾಯ.

"ಧೋತರ ಸ್ವಚ್ಛ ಐತ್ರಿ ಅತ್ತಿ. ತೇಪಿ ಬಿಚ್ಚಲೇನ್ರಿ?" ಬಾಯಿಯೇನೋ ಕೇಳಿತು, ಕೈ ಕತ್ತರಿ ಹುಡುಕಲಿಲ್ಲ.

"ಬ್ಯಾಡ ಬಿಡು. ಕೂಸು ದೊಡ್ಡದಾಗಿ ಇದ್ಯಾರದು ಅಂದ್ರ ಹೇಳಾಕ ಒಂದು ಕಥಿ ಆತು."

ಸಂಜೆ ಬಿಸಿ ರೊಟ್ಟಿ, ಪುಂಡಿಪಲ್ಯ, ಉಳ್ಳಾಗಡ್ಡಿ, ಮೊಸರು ಉಂಡೆವು. ಮೊದಲು ನಿದ್ದೆ ಹೋದವರು ಅತ್ತಿ, ನಾಳೆ ಊರಿಗೆ ಹೊರಡುವ ಕೌದಿಯನ್ನೇ ಹೊದ್ದು. ಅದು ಅವರ ಮೊಣಕಾಲಿಗಷ್ಟೇ ಸಾಕಾಗಿತ್ತು. ಹಳದಿ ತೇಪೆ ಮೇಲೆ ಬಂದಿತ್ತು.