ಹೊಸ್ತಿಲಿನ ಎಣ್ಣೆ

ನನ್ನ ಅತ್ತೆಯ ಬಲಗೈಯ ತೋರುಬೆರಳು ಸದಾ ಎಣ್ಣೆಯಿಂದ ಮಿರುಗುತ್ತಿತ್ತು. ಉಗುರಿನ ಸಂದಿಯಲ್ಲಿ ಹಳದಿಗಟ್ಟಿದ ಇಂಗು. ಎಷ್ಟು ಸೋಪು ಹಾಕಿ ತೊಳೆದರೂ ಆ ವಾಸನೆ ಹೋಗುತ್ತಿರಲಿಲ್ಲ. ಅವರು ತಲೆ ಬಾಚಿದರೆ ನನ್ನ ಮಗಳು ಮೂಗು ಮುಚ್ಚಿಕೊಂಡು, "ಅಜ್ಜಿ, ಸ್ಕೂಲ್ ಮೇ ಸಬ್ ಹಸ್ತೇ ಹೈ" ಎಂದು ಗೊಣಗುತ್ತಿದ್ದಳು. "ನಗಲಿ ಬಿಡು, ಹಲ್ಲಾದರೂ ಕಾಣ್ತದೆ" ಎನ್ನುತ್ತಿದ್ದರು ಅತ್ತೆ.

ಅವರು ಉಡುಪಿ ಕಡೆಯವರು. ನಾನು ವಿಜಯಪುರದವಳು, ಮುಂಬಯಿ ಹತ್ತಿರದ ಮಹಾಪೆಯ ಆಫೀಸಿನಲ್ಲಿ ಅವರ ಮಗನನ್ನು ಮೆಚ್ಚಿ ಮದುವೆಯಾಗಿ ಡೊಂಬಿವಲಿಯ ಎರಡನೇ ಮಹಡಿಯ ಮನೆಗೆ ಬಂದವಳು. ನನ್ನ ಬಾಯಿ ಜೋರು, ಅವರದು ಇನ್ನೂ ಜೋರು. ಮೊದಲ ವರ್ಷವಿಡೀ ಸಾರಿಗೆ ಬೆಲ್ಲ ಹಾಕುವ ವಿಷಯಕ್ಕೆ ನಮ್ಮಿಬ್ಬರ ನಡುವೆ ಯುದ್ಧ. ಆ ಮನೆಯಲ್ಲಿ ಇಬ್ಬರ ಮಾತಿಗೂ ಬಾಲ ಅಲ್ಲಾಡಿಸುತ್ತಿದ್ದವನು ಬೊಗ್ಗು ಒಬ್ಬನೇ. ಕಾಲೇಜಿನ ದಿನಗಳಲ್ಲಿ ನನ್ನ ಗಂಡ ಸ್ಟೇಷನ್ನಿನ ಸೇತುವೆಯ ಕೆಳಗಿಂದ ಎತ್ತಿಕೊಂಡು ಬಂದ ಕಂದು ಬಣ್ಣದ ಬೀದಿನಾಯಿ.

ಅತ್ತೆಗೆ ಮಡಿ ಹೆಚ್ಚು. ಬೊಗ್ಗು ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಅವನು ಹೊಸ್ತಿಲಿನ ಮೇಲೆ ಗಲ್ಲ ಊರಿ ಮಲಗುತ್ತಿದ್ದ, ಅವರು ಒಳಗಿನಿಂದ ಹಪ್ಪಳದ ಚೂರು ಎಸೆಯುತ್ತಿದ್ದರು. ನಮ್ಮೆಲ್ಲರೊಡನೆ ಕನ್ನಡ, ತರಕಾರಿಯವನೊಡನೆ ಮರಾಠಿ, ಬೊಗ್ಗುವಿನೊಡನೆ ಮಾತ್ರ ತುಳು. "ಬಲ ಮಗಾ", ಬಾ ಮಗನೇ, ಎಂದು ಅವರು ಕರೆಯುತ್ತಿದ್ದ ಮೆತ್ತಗಿನ ದನಿಯನ್ನು ನನ್ನ ಗಂಡನೂ ಎಂದೂ ಕೇಳಿರಲಿಲ್ಲವಂತೆ. ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಹನ್ನೆರಡು ವರ್ಷ ದಾಟಿದ ಮೇಲೆ ಬೊಗ್ಗುವಿನ ಕಣ್ಣುಗಳು ಹಾಲಿನಂತೆ ಬೆಳ್ಳಗಾದವು. ಡಾಕ್ಟರು ಪರೀಕ್ಷಿಸಿ, ವಯಸ್ಸಾಯಿತು, ಇನ್ನು ದೃಷ್ಟಿ ಬರುವುದಿಲ್ಲ, ಮನೆಯ ಸಾಮಾನುಗಳ ಜಾಗ ಬದಲಿಸಬೇಡಿ ಎಂದರು. ಅತ್ತೆ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಮರುದಿನ ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲಿಗೆ ತೆಂಗಿನೆಣ್ಣೆ ಹಚ್ಚಿದರು. ನೀರಿನ ಬಟ್ಟಲಿನ ಪಕ್ಕದ ಗೋಡೆಗೆ ಇಂಗಿನ ನೀರು ಸವರಿದರು. ಮೆಟ್ಟಿಲಿನ ಕಡೆಯ ಬಾಗಿಲಿನ ಚಿಲಕಕ್ಕೆ ಹಳೆ ಬಟ್ಟೆಯಲ್ಲಿ ಕರ್ಪೂರ ಗಂಟು ಹಾಕಿ ಕಟ್ಟಿದರು. ಎಣ್ಣೆ ಎಂದರೆ ಇಲ್ಲಿ ನಿಲ್ಲು, ಇಂಗು ಎಂದರೆ ನೀರು, ಕರ್ಪೂರ ಎಂದರೆ ಇಲ್ಲಿಂದಾಚೆ ಒಬ್ಬನೇ ಹೋಗಬೇಡ. ಕತ್ತಿನ ಪಟ್ಟಿ ಹಿಡಿದು ಒಂದೊಂದು ಕಡೆಗೂ ಕರೆದುಕೊಂಡು ಹೋಗಿ ಮೂಸಿಸಿದರು. ವಾರದೊಳಗೆ ಬೊಗ್ಗು ಕಣ್ಣಿದ್ದವನಂತೆ ಮನೆ ತುಂಬ ಓಡಾಡತೊಡಗಿದ.

"ಇದೇನ್ರೀ ಅತ್ತಿ, ಮನಿ ಅನ್ನೋದು ಕಿರಾಣಿ ಅಂಗಡಿ ಆಗೇತಿ" ಎಂದು ನಾನು ನಕ್ಕೆ.

"ನಿನಗೆ ಕಣ್ಣುಂಟಲ್ಲ, ನೀನು ನೋಡಿಕೊಂಡು ನಡಿ ಮಾರಾಯ್ತಿ" ಎಂದರು.

ಆ ವರ್ಷದ ಚೌತಿಗೆ ನನ್ನ ಆಫೀಸಿನವರು ಊಟಕ್ಕೆ ಬರುವವರಿದ್ದರು. ಹಿಂದಿನ ದಿನ ಅತ್ತೆ ಠಾಣೆ ನಗರದಲ್ಲಿದ್ದ ತಂಗಿಯ ಮನೆಗೆ ಹೋಗಿದ್ದಾಗ ನಾನು ರಜೆ ಹಾಕಿ ಸೊಂಟ ಕಟ್ಟಿ ನಿಂತೆ. ಬಂದವರು ಮೂಗು ಮುರಿಯಬಾರದೆಂದು ಫಿನಾಯಿಲ್ ಸುರಿದು ನೆಲ ಒರೆಸಿದೆ, ಗೋಡೆ ತಿಕ್ಕಿದೆ, ಚಿಲಕದ ಜಿಡ್ಡುಬಟ್ಟೆಯನ್ನು ಬಿಚ್ಚಿ ಕಸಕ್ಕೆ ಎಸೆದೆ. ಅಷ್ಟರಲ್ಲಿ ಗ್ಯಾಸಿನವನು ಬಂದ. ಅವನು ಹೋದ ಮೇಲೂ ಬಾಗಿಲು ತೆರೆದೇ ಇತ್ತು.

ದಡದಡ ಸದ್ದು ಕೇಳಿ ಓಡಿದೆ. ಬೊಗ್ಗು ಎಂಟು ಮೆಟ್ಟಿಲು ಉರುಳಿ ತಿರುವಿನಲ್ಲಿ ಬಿದ್ದಿದ್ದ. ಮುಂಗಾಲು ಮಡಚಿ ಹೋಗಿತ್ತು. ಕುಂಯ್ ಎನ್ನಲೂ ಇಲ್ಲ, ನನ್ನ ಕೈ ಮೂಸಿ ಮುಖ ಆಚೆ ತಿರುಗಿಸಿದ. ನನ್ನ ಕೈ ತುಂಬ ಫಿನಾಯಿಲ್. ಅಯ್ಯೋ, ನಾನು ಯಾರೆಂದೇ ಅವನಿಗೆ ತಿಳಿಯಲಿಲ್ಲ!

ಸಂಜೆ ಅತ್ತೆ ಬಂದರು. ಪಟ್ಟಿ ಕಟ್ಟಿದ ಕಾಲು ನೋಡಿದರು, ಮನೆಯ ಗಾಳಿ ಮೂಸಿದರು. ಬೈಗುಳಕ್ಕೆ ನಾನು ಸಿದ್ಧಳಾಗಿದ್ದೆ, ನಾಲ್ಕು ತಿರುಗೇಟೂ ಸಿದ್ಧವಿತ್ತು. ಅವರು ಬೈಯಲಿಲ್ಲ.

"ಅವನ ದಾರಿಯನ್ನೇ ಒರೆಸಿಬಿಟ್ಟೆಯಲ್ಲ ಹುಡುಗಿ" ಎಂದರು, ಅಷ್ಟೆ.

ನಾನು ಅತ್ತುಬಿಟ್ಟೆ. ಅವರು ಎಣ್ಣೆಯ ಗಿಂಡಿ ತಂದು ನನ್ನ ಮುಂದಿಟ್ಟರು. "ಅತ್ತದ್ದು ಸಾಕು. ಈಗ ನೀನೇ ಹಚ್ಚು. ನಾನು ಊರಿಗೆ ಹೋದರೆ ಯಾರು ಹಚ್ಚುವುದು?" ನಾನು ಮೊಣಕಾಲೂರಿ ಹೊಸ್ತಿಲಿಗೆ ಬೆರಳೆಳೆದೆ. "ಗೆರೆ ಸಪೂರ ಆಯಿತು, ಅವನು ಮುದುಕ, ದಪ್ಪ ಹಚ್ಚು" ಎಂದು ತಿದ್ದಿದರು. ಗೋಡೆ, ಚಿಲಕ ಎಲ್ಲ ಮುಗಿದ ಮೇಲೆ, "ರಾತ್ರಿ ಅಂವ ಮಲಗೋದು ನಿಮ್ಮ ಬಾಜೂಕ ಅಲ್ರಿ, ನಿಮ್ಮ ಮಂಚಕ್ಕ ಏನ್ ಹಚ್ಚೋದ್ರಿ?" ಎಂದು ಕೇಳಿದೆ. "ಅದಕ್ಕೆಂತ ಹಚ್ಚುವುದು? ಅಲ್ಲಿ ನಾನೇ ಇದ್ದೇನಲ್ಲ" ಎಂದರು. ಅಂದಿನಿಂದ ನಮ್ಮ ಜಗಳ ನಿಲ್ಲಲಿಲ್ಲ, ಆದರೆ ನಾನು ಅವರನ್ನು ಪ್ರೀತಿಸತೊಡಗಿದೆ.

ಎರಡು ವರ್ಷದ ಬಳಿಕ ಒಂದು ಬೆಳಿಗ್ಗೆ, ಹಪ್ಪಳದ ಹಿಟ್ಟು ನಾದುತ್ತಿದ್ದವರು ಎದೆ ಹಿಡಿದುಕೊಂಡು ಕೂತರು. ಆಸ್ಪತ್ರೆ ಮುಟ್ಟಲಿಲ್ಲ. ಮನೆ ತುಂಬ ಜನ ಸೇರಿದಾಗ ನಾವು ಕಾಕು ಎನ್ನುತ್ತಿದ್ದ ಎದುರು ಮನೆಯ ಮರಾಠಿ ಹೆಂಗಸು ಬೊಗ್ಗುವನ್ನು ತಮ್ಮಲ್ಲಿಗೆ ಕರೆದುಕೊಂಡು ಹೋದರು. ಮಧ್ಯಾಹ್ನ ಹೆಣ ಎತ್ತಿದ ಮೇಲೆ ಪದ್ಧತಿಯಂತೆ ನೆಂಟರ ಹೆಂಗಸರು ಬಕೆಟ್‌ಗಟ್ಟಲೆ ನೀರು ಹೊಯ್ದು ಮನೆಯನ್ನೆಲ್ಲ ತೊಳೆದರು. ಹೊಸ್ತಿಲನ್ನೂ, ಗೋಡೆಯನ್ನೂ. ಚಿಲಕದ ಗಂಟನ್ನೂ ಬಿಚ್ಚಿ ಎಸೆದರು. ನಾನು ಮೂಲೆಯಲ್ಲಿ ಕಲ್ಲಿನಂತೆ ಕೂತಿದ್ದೆ, ನನಗೆ ಏನೂ ಹೊಳೆಯಲಿಲ್ಲ.

ಸಂಜೆ ಕಾಕು ಬೊಗ್ಗುವನ್ನು ಬಾಗಿಲಿನವರೆಗೆ ತಂದು ಬಿಟ್ಟರು. ಅವನು ಒಳಗೆ ಬರಲಿಲ್ಲ. ಒಂದು ಹೆಜ್ಜೆ ಇಟ್ಟ, ಹಿಂದೆಗೆದ, ಮತ್ತೆ ಇಟ್ಟ. ತನ್ನದೇ ಮನೆಯ ಬಾಗಿಲಲ್ಲಿ ನಡುಗುತ್ತ ನಿಂತ.

ನಾನು ಎದ್ದು ಎಣ್ಣೆಯ ಗಿಂಡಿ ತೆಗೆದುಕೊಂಡೆ.

"ಸೂತಕದ ಮನೆಯಲ್ಲಿ ಎಣ್ಣೆ ಮುಟ್ಟುವುದುಂಟಾ? ಎಂತ ಸೊಸೆಯಪ್ಪ ಇದು!" ಎಂದರು ಠಾಣೆಯ ಚಿಕ್ಕತ್ತೆ.

"ನಾ ತಲಿಗೆ ಹಚ್ಕೊಳ್ಳಾಕ ಅಲ್ರೀ" ಎಂದೆ. "ನಿಮ್ಮ ಅಕ್ಕ ಅವನಿಗೆ ಹಾಕಿದ ದಾರಿ ಅದ. ಒರಸ್ಯಾರ. ನಾ ಮತ್ತ ಹಾಕಾಕತ್ತೀನಿ."

ಅಡುಗೆಮನೆಯ ಹೊಸ್ತಿಲಿಗೆ ದಪ್ಪ ಗೆರೆ ಎಳೆದೆ. ಇಂಗು ಕಲಸಿ ಗೋಡೆಗೆ ಸವರಿದೆ. ಕರ್ಪೂರ ಕಟ್ಟಿದೆ. ಬೊಗ್ಗು ಮೂಗು ಮೇಲೆತ್ತಿದ, ನಿಧಾನವಾಗಿ ಒಳಗೆ ಬಂದ. ಇಂಗಿನ ಗೋಡೆ ಮೂಸಿ ನೀರು ಕುಡಿದ, ಹೊಸ್ತಿಲ ಬಳಿ ತಡೆದು ನಿಂತ. ಆಮೇಲೆ ನೇರ ಅತ್ತೆಯ ಮಂಚದ ಬಳಿಗೆ ಹೋದ. ಹಾಸಿಗೆ ತೆಗೆದಾಗಿತ್ತು, ಹಲಗೆ ತೊಳೆದಾಗಿತ್ತು. ಅವನು ಮೂಸಿದ, ಸುತ್ತು ಹಾಕಿದ, ಮತ್ತೆ ಮೂಸಿದ. ಆ ಜಾಗಕ್ಕೆ ಏನು ಹಚ್ಚಬೇಕೆಂದು ಅತ್ತೆ ನನಗೆ ಹೇಳಿಕೊಟ್ಟಿರಲಿಲ್ಲ.

ನಾನೇ ಒದ್ದೆ ಹಲಗೆಯ ಮೇಲೆ ಹೋಗಿ ಕೂತೆ. ನನಗೆ ಬರುತ್ತಿದ್ದ ಒಂದೇ ತುಳು ಮಾತನ್ನು ಹೇಳಿದೆ, "ಬಲ ಮಗಾ."

ಅವನು ಬಂದು ನನ್ನ ಬಲಗೈ ಮೂಸಿದ. ತುಂಬ ಹೊತ್ತು ಮೂಸಿದ. ತೋರುಬೆರಳಿನಲ್ಲಿ ಎಣ್ಣೆ ಮಿರುಗುತ್ತಿತ್ತು, ಉಗುರಿನ ಸಂದಿಯಲ್ಲಿ ಇಂಗಿತ್ತು. ಕೊನೆಗೆ ಅವನು ನಿಟ್ಟುಸಿರು ಬಿಟ್ಟು ನನ್ನ ಅಂಗೈಯಲ್ಲಿ ಗಲ್ಲವಿಟ್ಟು ಮಲಗಿದ.